ಚರ್ಮನಿಧಿಯೂ ಆಕರಕೋಶದ ವ್ಯಾಪಾರವೂ

ಹಿಂದೆ ದೊಡ್ಡಪೇಟೆಯೆನಿಸಿದ್ದ ಬೆಂಗಳೂರಿನ ಅವೆನ್ಯೂ ರಸ್ತೆಯನ್ನು ದಕ್ಷಿಣಾಭಿಮುಖವಾಗಿ ಕ್ರಮಿಸಿ ಕೃಷ್ಣರಾಜ ಮಾರುಕಟ್ಟೆಯನ್ನು ದಾಟಿದರೆ, 1900ರಲ್ಲಿ ಆರಂಭಗೊಂಡ ವಿಕ್ಟೋರಿಯಾ ಆಸ್ಪತ್ರೆಯು ಎದುರಾಗುತ್ತದೆ. ಅಲ್ಲಿ ಸುಟ್ಟಗಾಯಗಳ ಚಿಕಿತ್ಸೆಗೆಂದು 2016ರಲ್ಲಿ ಚರ್ಮನಿಧಿಯೊಂದು ಸ್ಥಾಪಿತವಾಯಿತು. ಶರೀರದ ಪುನರ್ನಿರ್ಮಾಣವೆಂದೊಡನೆ ವಿದೇಶದ ಪ್ರಯೋಗಶಾಲೆಗಳನ್ನೇ ನೆನೆಯುವವರು ಮೊದಲು ಇದನ್ನು ಅರಿಯುವುದು ಯುಕ್ತವಾಗಿದೆ.

ದೇಹದ ಬಹುಭಾಗ ಬೆಂದವನಿಗೆ ಬೆಂಕಿಗಿಂತಲೂ ತರುವಾಯದ ದಿನಗಳೇ ಘೋರವಾದುವು. ಹೊದಿಕೆಯಿಲ್ಲದ ಗಾಯದಿಂದ ದ್ರವವು ಸೋರುತ್ತದೆ, ರೋಗಾಣುಗಳು ಒಳನುಗ್ಗುತ್ತವೆ. ಮರಣಾನಂತರ ಆರು ಗಂಟೆಗಳೊಳಗೆ ದಾನಿಯ ತೊಡೆ, ಬೆನ್ನುಗಳಿಂದ ತೆಗೆದ ತೆಳುವಾದ ಮೇಲ್ಪದರವನ್ನು ಗ್ಲಿಸರಾಲಿನಲ್ಲಿ ಸಂರಕ್ಷಿಸಿ ಇಂಥವನಿಗೆ ಹೊದಿಸುತ್ತಾರೆ. ರಕ್ತದ ಗುಂಪು ಹೊಂದಬೇಕಾದುದಿಲ್ಲ. ಈ ಚರ್ಮವು ಶಾಶ್ವತವಲ್ಲ. ಕೆಲವು ವಾರಗಳಲ್ಲಿ ಕಳಚಿಕೊಳ್ಳುತ್ತದೆ. ಆ ಅವಧಿಯೇ ಪ್ರಾಣವನ್ನು ಉಳಿಸುವುದು. ಮುಖವನ್ನು ಮುಟ್ಟದ ಕಾರಣ, ಕುಳ್ಳಿರಿಸಿ ಸಮಾಧಿ ಮಾಡುವ ಮನೆತನಗಳಲ್ಲಿಯೂ ಅಂತ್ಯಸಂಸ್ಕಾರಕ್ಕೆ ಇದರಿಂದ ಯಾವ ಅಡ್ಡಿಯೂ ಒದಗದು.

ರೋಗಿಯ ಸ್ವಂತ ಚರ್ಮಕೋಶಗಳನ್ನೇ ಬೆಳೆಸುವ ವಿಧಾನವನ್ನು 1975ರಲ್ಲಿ ಅಮೆರಿಕದ ರೈನ್‌ವಾಲ್ಡ್ ಮತ್ತು ಗ್ರೀನ್ ಪ್ರಕಟಿಸಿದರು. 2015ರಲ್ಲಿ ಜರ್ಮನಿಯ ಬೋಖುಮ್ ನಗರದಲ್ಲಿ, ಆನುವಂಶಿಕ ರೋಗದಿಂದ ಚರ್ಮವನ್ನು ಕಳೆದುಕೊಂಡಿದ್ದ ಬಾಲಕನೊಬ್ಬನಿಗೆ, ಜೀನ್‌ದೋಷವನ್ನು ಸರಿಪಡಿಸಿ ಬೆಳೆಸಿದ ಅವನದೇ ಚರ್ಮವನ್ನು ಮೈಯ ಶೇ. 80ರಷ್ಟು ಭಾಗಕ್ಕೆ ಕಸಿಮಾಡಲಾಯಿತು. ಇದು ಹಲವು ದಶಕಗಳ ಪರೀಕ್ಷೆಯ ಫಲ.

ಈ ಸಹನೆಯಿಲ್ಲದವರ ಕೈಗೆ ಸ್ಟೆಮ್ ಸೆಲ್ ಎಂಬ ಹೆಸರಿನ ಆಕರಕೋಶವು ಸಿಕ್ಕಿದಾಗ ಏನಾಗುವುದೆಂಬುದಕ್ಕೆ ಅಮೆರಿಕದ ಫ್ಲಾರಿಡಾದಿಂದ 2017ರಲ್ಲಿ ವರದಿಯಾದ ಪ್ರಕರಣವೇ ಸಾಕು. ದೃಷ್ಟಿ ಮಂದವಾಗುತ್ತಿದ್ದ ಮೂವರು ಮಹಿಳೆಯರ ಹೊಟ್ಟೆಯ ಕೊಬ್ಬಿನಿಂದ ಪಡೆದ ಕೋಶಗಳನ್ನು ಎರಡೂ ಕಣ್ಣುಗಳಿಗೆ ಒಂದೇ ದಿನ ಚುಚ್ಚಲಾಯಿತು. ಇದ್ದ ದೃಷ್ಟಿಯೂ ಹೋಯಿತು. ಒಂದು ಕಣ್ಣನ್ನಾದರೂ ಉಳಿಸಿ ನೋಡುವಷ್ಟು ಎಚ್ಚರವೂ ಅಲ್ಲಿರಲಿಲ್ಲ! ಇದಕ್ಕೆ ಒಬ್ಬೊಬ್ಬರೂ ತೆತ್ತುದು ಐದು ಸಾವಿರ ಡಾಲರು.

ಆಕರಕೋಶದ ಗುಣವೇ ಇಮ್ಮಡಿಸುವುದು. ತಪ್ಪಿದ ಸ್ಥಾನದಲ್ಲಿ ಅದು ಗಂತಿಯಾಗಿಯೂ ಬೆಳೆಯಬಹುದು. ಔಷಧಿಯಂತೆ ಅದನ್ನು ನಿಲ್ಲಿಸಿಬಿಡಲು ಬಾರದು. ಆದುದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು ರಕ್ತೋತ್ಪಾದಕ ಆಕರಕೋಶಗಳ ಕಸಿಯ ಹೊರತು ಉಳಿದೆಲ್ಲವನ್ನೂ ಪ್ರಯೋಗವೆಂದೇ ಎಣಿಸಿತು. ಗುಣ ಕಾಣದ ಮಗುವಿನ ತಂದೆತಾಯಿಗಳು ಹೊಲವನ್ನು ಮಾರಿಯಾದರೂ ಹಣವನ್ನು ತರುತ್ತಾರೆ. ಆದರೆ ಪ್ರಯೋಗಕ್ಕೆ ಒಳಗಾಗುವವನಿಂದಲೇ ಶುಲ್ಕವನ್ನು ವಸೂಲು ಮಾಡುವುದು ಅನ್ಯಾಯ. ಹಣ ಕೊಡುವ ಮೊದಲು ಅವರು ಕೇಳಬೇಕಾದುದಿಷ್ಟು: ಈ ಪ್ರಯೋಗವು ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಿದೆಯೇ, ನೈತಿಕ ಸಮಿತಿಯ ಒಪ್ಪಿಗೆಯಿದೆಯೇ, ಹಾನಿಯಾದರೆ 2019ರ ನಿಯಮಾನುಸಾರ ಪರಿಹಾರವನ್ನು ಕೊಡುವವರು ಯಾರು? ಲಿಖಿತ ಉತ್ತರವು ದೊರೆಯದಿದ್ದಲ್ಲಿ ಅಲ್ಲಿಂದ ಹಿಂದಿರುಗುವುದೇ ಲೇಸು.