ಮನೆ ಜೊತೆಗೇ ಗುಂಡಿ: ಆರ್‌ವಿ ಟ್ಯಾಂಕ್ ನಾರದ ಹಾಗೆ ನೋಡಿಕೊಳ್ಳೋದು ಹೇಗೆ?

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ರೂಮಿನ ಗೆಳೆಯನೊಬ್ಬನ ಅಪ್ಪ ಅಮ್ಮ ದಾವಣಗೆರೆಯಿಂದ ಅಮೆರಿಕಕ್ಕೆ, ಅವನ ಅಕ್ಕನ ಮನೆಗೆ ಹೋಗಿದ್ದರು. ಅಕ್ಕ ಭಾವ ಒಂದು ಆರ್‌ವಿ ಬಾಡಿಗೆಗೆ ತಗೊಂಡು ಎಲ್ಲರನ್ನೂ ಗ್ರ್ಯಾಂಡ್ ಕ್ಯಾನಿಯನ್ ಕಡೆ ಕರ್ಕೊಂಡು ಹೋದರು. ಆರ್‌ವಿ ಅಂದರೆ ಚಕ್ರದ ಮೇಲಿನ ಮನೆ. ಅಡುಗೆ ಕಟ್ಟೆ, ಮಂಚ, ಬಚ್ಚಲು, ಕಕ್ಕಸು ಎಲ್ಲ ಒಂದೇ ಗಾಡಿಯಲ್ಲಿ. ನಾಲ್ಕನೇ ದಿನ ವಿಡಿಯೊ ಕಾಲ್ ಬಂತು. ಕ್ಯಾನಿಯನ್ ತೋರಿಸ್ತಾರೆ ಅಂತ ನಾವೆಲ್ಲ ಮೊಬೈಲ್ ಸುತ್ತ ಕೂತರೆ, ಅಮ್ಮ ಮೂಗಿಗೆ ಸೆರಗು ಹಿಡ್ಕೊಂಡು ನಿಂತಿದ್ದಾರೆ! "ಮನೆ ಒಳಗೇ ಗುಂಡಿ ಇಟ್ಕೊಂಡು ಊರು ಸುತ್ತೋದು ಯಾವ ಸುಖಕ್ಕಪ್ಪಾ? ನೀವೆಲ್ಲ ಇಂಜಿನಿಯರಿಂಗ್ ಓದ್ತೀರಲ್ಲ, ಇದಕ್ಕೇನಾದ್ರೂ ಹೇಳ್ರಪ್ಪ" ಅಂದರು.

ನಮ್ಮಲ್ಲಿ ಇಬ್ಬರು ಮೆಕ್ಯಾನಿಕಲ್, ಒಬ್ಬ ಕಂಪ್ಯೂಟರ್ ಸೈನ್ಸ್. ಯಾರ ಸಿಲಬಸ್‌ನಲ್ಲೂ ಕಕ್ಕಸಿನ ಟ್ಯಾಂಕ್ ಇಲ್ಲ. ಆದರೂ ಮರ್ಯಾದೆ ಪ್ರಶ್ನೆ ನೋಡಿ, ಎರಡು ರಾತ್ರಿ ಕೂತು ಓದಿದೆವು. ಓದಿದ್ದು ಕೊನೆಗೆ ಅಮೆರಿಕಕ್ಕಿಂತ ನಮ್ಮ ಊರಿನಲ್ಲೇ ಹೆಚ್ಚು ಉಪಯೋಗಕ್ಕೆ ಬಂತು. ಅದನ್ನ ಕೊನೆಯಲ್ಲಿ ಹೇಳ್ತೀವಿ.

ಗಾಡಿ ಕೆಳಗೆ ಏನಿದೆ?

ಸಾಮಾನ್ಯವಾಗಿ ಆರ್‌ವಿಯಲ್ಲಿ ಮೂರು ಟ್ಯಾಂಕ್ ಇರುತ್ತವೆ. ಒಂದು ಒಳ್ಳೆ ನೀರಿಗೆ. ಎರಡನೆಯದು ಗ್ರೇ ಟ್ಯಾಂಕ್, ಅಂದರೆ ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೆ. ಮೂರನೆಯದೇ ನಮ್ಮ ಕಥಾನಾಯಕ, ಬ್ಲ್ಯಾಕ್ ಟ್ಯಾಂಕ್. ಕಕ್ಕಸಿನದು ನೇರ ಅದರೊಳಗೆ ಬೀಳುತ್ತದೆ. ಅನೇಕ ಗಾಡಿಗಳಲ್ಲಿ ಇದು 30ರಿಂದ 40 ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 115ರಿಂದ 150 ಲೀಟರ್.

ಟ್ಯಾಂಕಿನ ಗಾಳಿ ಹೋಗೋಕೆ ಚಾವಣಿವರೆಗೂ ಒಂದು ಪೈಪ್ ಇದೆ. ಖಾಲಿ ಮಾಡೋಕೆ ಕೆಳಗೊಂದು ವಾಲ್ವ್ ಇದೆ. ಅದಕ್ಕೆ ಸುಮಾರು 3 ಇಂಚಿನ ದಪ್ಪ ಹೋಸ್ ಸಿಕ್ಕಿಸಿ, ಡಂಪ್ ಸ್ಟೇಷನ್ ಅನ್ನೋ ಜಾಗದಲ್ಲಿ ಒಳಚರಂಡಿಗೆ ಬಿಡಬೇಕು. ಕೆಲವು ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಗಾಡಿ ನಿಲ್ಲಿಸೋ ಜಾಗಕ್ಕೇ ಒಳಚರಂಡಿ ಕನೆಕ್ಷನ್ ಕೊಟ್ಟಿರುತ್ತಾರೆ.

ವಾಸನೆ ಬರೋದು ಯಾಕೆ?

ಮಲದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಮುಚ್ಚಿದ ಟ್ಯಾಂಕಿನಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಆಗ ಆಮ್ಲಜನಕ ಇಲ್ಲದೆ ಬದುಕುವ ಬ್ಯಾಕ್ಟೀರಿಯಾಗಳ ಕೈ ಮೇಲಾಗುತ್ತದೆ. ಅವುಗಳಲ್ಲಿ ಕೆಲವು ಸಲ್ಫೇಟ್ ಬಳಸಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆ ವಾಸನೆ ಇದೆಯಲ್ಲ, ಅದೇ. ಮೂತ್ರದ ಯೂರಿಯಾ ಒಡೆದು ಅಮೋನಿಯ ಆಗುತ್ತದೆ. ಜೊತೆಗೆ ಮೀಥೇನ್ ಕೂಡ ಹುಟ್ಟುತ್ತದೆ. ಮೀಥೇನ್‌ಗೆ ವಾಸನೆ ಇಲ್ಲ, ಆದರೆ ಬೆಂಕಿ ಹೊತ್ತಿಕೊಳ್ಳುತ್ತೆ.

ಬಿಸಿಲು ಜಾಸ್ತಿಯಾದರೆ ಬ್ಯಾಕ್ಟೀರಿಯಾ ಕೆಲಸವೂ ಜೋರು, ನೀರಿನಲ್ಲಿ ಕರಗಿದ ಅನಿಲ ಹೊರಬರೋದೂ ಜೋರು. ಅರಿಜೋನಾದ ಬೇಸಿಗೆಯಲ್ಲಿ ಅಮ್ಮ ಮೂಗು ಮುಚ್ಚಿದ್ದು ಅದಕ್ಕೇ.

ಅಕ್ಕ ಭಾವ ಮಾಡಿದ ಮೂರು ತಪ್ಪು

ಫೋನಿನಲ್ಲೇ ವಿಚಾರಣೆ ನಡೆಸಿದೆವು. ಮೂರು ತಪ್ಪು ಸಿಕ್ಕವು.

ಮೊದಲನೆಯದು, ವಾಲ್ವ್ ತೆರೆದೇ ಇಟ್ಟಿದ್ದು. "ಒಳಚರಂಡಿಗೆ ಕನೆಕ್ಷನ್ ಇದೆಯಲ್ಲ, ತಾನಾಗೇ ಹೋಗ್ಲಿ ಅಂತ ಬಿಟ್ಟೆ" ಅಂದರು ಭಾವ. ಕೇಳೋಕೆ ಸರಿ ಅನ್ಸುತ್ತೆ. ಆದರೆ ವಾಲ್ವ್ ತೆರೆದಿದ್ದರೆ ನೀರು ಮಾತ್ರ ಹರಿದು ಹೋಗುತ್ತೆ, ಗಟ್ಟಿ ಭಾಗ ಕಕ್ಕಸಿನ ಕೆಳಗೇ ಗುಡ್ಡೆ ಬೀಳುತ್ತೆ. ದಿನ ಕಳೆದ ಹಾಗೆ ಅದು ಒಣಗಿ ಹುತ್ತದ ಥರ ಬೆಳೆಯುತ್ತೆ. ಹಾಗಾಗಿ ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ಯಾವಾಗಲೂ ಮುಚ್ಚಿರಬೇಕು. ಮೂರರಲ್ಲಿ ಎರಡು ಭಾಗ ತುಂಬಿದ ಮೇಲೆ ಒಂದೇ ಸಲಕ್ಕೆ ತೆರೆಯಬೇಕು. ಅಷ್ಟು ನೀರು ಒಟ್ಟಿಗೆ ನುಗ್ಗಿದಾಗ ಗಟ್ಟಿ ಭಾಗವನ್ನೂ ಎಳ್ಕೊಂಡು ಹೋಗುತ್ತೆ.

ಎರಡನೆಯದು, ನೀರು ಉಳಿಸಿದ್ದು. ನಮ್ಮವರು ಬರಗಾಲ ಕಂಡವರು, ನೀರು ಚೆಲ್ಲೋಕೆ ಮನಸ್ಸು ಬರೋದಿಲ್ಲ. ಆದರೆ ಈ ಟ್ಯಾಂಕಿಗೆ ನೀರೇ ಔಷಧ. ಗಟ್ಟಿ ಭಾಗ ನೀರಿನಡಿ ಮುಳುಗಿದ್ದರೆ ಅಂಟೋದಿಲ್ಲ, ಒಂದಷ್ಟು ಅನಿಲವೂ ನೀರಿನಲ್ಲೇ ಉಳಿಯುತ್ತೆ. ಪ್ರತಿ ಸಲ ಖಾಲಿ ಮಾಡಿದ ಮೇಲೆ ಏಳೆಂಟು ಲೀಟರ್ ನೀರು ಸುರಿದೇ ಮತ್ತೆ ಬಳಸೋಕೆ ಶುರು ಮಾಡಬೇಕು. ಬೋಗುಣಿಯ ಬಾಯಲ್ಲೂ ಸ್ವಲ್ಪ ನೀರು ನಿಂತಿರಬೇಕು. ಕೆಳಗಿನ ಗಾಳಿ ಮೇಲೆ ಬರದ ಹಾಗೆ ತಡೆಯೋದು ಆ ನೀರು.

ಮೂರನೆಯದು, ಮನೆಯ ದಪ್ಪ ಟಿಶ್ಯೂ ಪೇಪರ್ ಹಾಕಿದ್ದು. ಬೇಗ ಕರಗುವ ತೆಳು ಪೇಪರ್ ಬೇಕು. ಪರೀಕ್ಷೆ ಸುಲಭ: ಗಾಜಿನ ಬಾಟಲಿಗೆ ನೀರು ಹಾಕಿ, ಪೇಪರ್ ತುಂಡು ಹಾಕಿ ಕುಲುಕಿ. ಚೂರು ಚೂರಾದರೆ ಪಾಸ್, ಹಾಗೇ ಇದ್ದರೆ ಫೇಲ್. ಒರೆಸೋ ವೈಪ್ಸ್, ಸ್ಯಾನಿಟರಿ ಪ್ಯಾಡ್, ಎಣ್ಣೆ, ಅನ್ನ ಯಾವುದನ್ನೂ ಹಾಕಲೇಬಾರದು. ಇಲ್ಲಿ ನಮ್ಮ ಅಮ್ಮಂದಿರಿಗೆ ಒಂದು ಗೆಲುವಿದೆ. ಚೊಂಬು ಬಳಸುವವರು ಪೇಪರ್ ಕಡಿಮೆ, ನೀರು ಜಾಸ್ತಿ ಹಾಕ್ತಾರೆ. ಟ್ಯಾಂಕ್ ಸ್ವಲ್ಪ ಬೇಗ ತುಂಬಬಹುದು, ಆದರೆ ಅಂಟೋದು ಕಡಿಮೆ.

ಖಾಲಿ ಮಾಡುವ ಕ್ರಮ

ಕೈಗೆ ಗ್ಲೌಸ್ ಹಾಕಿಕೊಳ್ಳಿ. ಹೋಸ್ ಎರಡೂ ಕಡೆ ಭದ್ರ ಆಗಿದೆಯಾ ಅಂತ ಎರಡು ಸಲ ನೋಡಿ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಹೀಗೆ ಮಾಡಿದರೆ ಸೋಪಿನ ನೀರು ಹೋಸನ್ನು ತೊಳೆದುಕೊಂಡು ಹೋಗುತ್ತೆ. ಆಮೇಲೆ ಬ್ಲ್ಯಾಕ್ ಟ್ಯಾಂಕಿಗೆ ನೀರು ಹಾಕಿ, ತಿಳಿಯಾಗಿ ಬರೋವರೆಗೂ ತೊಳೀಬೇಕು. ಕೆಲವು ಗಾಡಿಗಳಲ್ಲಿ ಟ್ಯಾಂಕಿನ ಒಳಗೇ ನೀರು ಚಿಮ್ಮಿಸುವ ನಳಿಗೆ ಇದೆ. ಅದನ್ನ ಆನ್ ಮಾಡಿ, ವಾಲ್ವ್ ಮುಚ್ಚಿ, ಕಾಫಿ ಕುಡಿಯೋಕೆ ಹೋಗಬೇಡಿ. ಟ್ಯಾಂಕ್ ತುಂಬಿ ಅದೆಲ್ಲ ಗಾಡಿ ಒಳಗೇ ಬರಬಹುದು. ತೊಳೆಯೋ ಪೈಪು, ಕುಡಿಯೋ ನೀರಿನ ಪೈಪು ಬೇರೆ ಬೇರೆ ಇರಲೇಬೇಕು.

ಟ್ಯಾಂಕ್ ಖಾಲಿ ಇದ್ದರೂ ಪ್ಯಾನೆಲ್‌ನಲ್ಲಿ ಫುಲ್ ಅಂತ ತೋರಿಸಿದರೆ ಹೆದರಬೇಡಿ. ಗೋಡೆಯಲ್ಲಿರೋ ಸೆನ್ಸರ್‌ಗೆ ಪೇಪರ್ ಅಂಟಿರುತ್ತೆ, ಅಷ್ಟೇ.

ಔಷಧ, ಬ್ಲೀಚ್, ಐಸ್

ಅಂಗಡಿಯಲ್ಲಿ ಸಿಗುವ ಔಷಧಗಳು ಹಲವು ಥರ. ಎನ್‌ಜೈಮ್ ಇರುವವು ಪೇಪರ್ ಮತ್ತು ಮಲವನ್ನು ಒಡೆಯಲು ಸಹಾಯ ಮಾಡುತ್ತವೆ. ನೈಟ್ರೇಟ್ ಇರುವವು ನಮಗೆ ತುಂಬಾ ಇಷ್ಟವಾದವು. ನೈಟ್ರೇಟ್ ಸಿಕ್ಕರೆ ಬ್ಯಾಕ್ಟೀರಿಯಾಗಳು ಸಲ್ಫೇಟ್ ಗೊಡವೆಗೆ ಹೋಗೋದು ಕಡಿಮೆ, ಹಾಗಾಗಿ ಕೊಳೆತ ಮೊಟ್ಟೆ ವಾಸನೆಯೂ ಕಡಿಮೆ. ಫಾರ್ಮಾಲ್ಡಿಹೈಡ್ ಇರುವವು ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತವೆ. ಆದರೆ ಅದೇ ವಿಷ ಮುಂದೆ ಸೆಪ್ಟಿಕ್ ಟ್ಯಾಂಕಿಗೆ ಹೋಗಿ, ಅಲ್ಲಿ ಕೆಲಸ ಮಾಡಬೇಕಾದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅಂಥವುಗಳ ಮಾರಾಟಕ್ಕೇ ನಿಷೇಧ ಇದೆ.

ಬ್ಲೀಚ್ ಬೇಡವೇ ಬೇಡ. ಅದು ಅಮೋನಿಯದ ಜೊತೆ ಸೇರಿದರೆ ಕ್ಲೋರಮೀನ್ ಅನ್ನೋ ವಿಷಾನಿಲ ಬರುತ್ತೆ. ಇನ್ನು ಐಸ್ ತುಂಡು ಹಾಕಿ ಗಾಡಿ ಓಡಿಸಿದರೆ ಟ್ಯಾಂಕ್ ಉಜ್ಜಿದ ಹಾಗಾಗುತ್ತೆ ಅನ್ನೋ ನಂಬಿಕೆ ಅಲ್ಲಿ ಬಹಳ ಜನಕ್ಕಿದೆ. ಐಸ್ ನೀರಿನ ಮೇಲೆ ತೇಲುತ್ತೆ, ತಳ ಉಜ್ಜೋದು ಹೇಗೆ ಸ್ವಾಮಿ?

ಇನ್ನೊಂದು ಸಣ್ಣ ವಿಷಯ. ಚಾವಣಿ ಫ್ಯಾನ್ ಓಡ್ತಿರುವಾಗ ಫ್ಲಶ್ ಮಾಡಬೇಡಿ. ಫ್ಯಾನ್ ಒಳಗಿನ ಗಾಳಿ ಎಳೆದಾಗ ಒತ್ತಡ ಕಡಿಮೆಯಾಗಿ, ಟ್ಯಾಂಕಿನ ಗಾಳಿ ಬೋಗುಣಿ ಮೂಲಕ ಮೇಲೆ ಬರುತ್ತೆ. ಮೊದಲನೇ ಸೆಮಿಸ್ಟರ್‌ನ ಫಿಸಿಕ್ಸ್ ಕೆಲಸಕ್ಕೆ ಬಂದಿದ್ದು ಇಲ್ಲೇ.

ಆ ಹುತ್ತ ಏನಾಯ್ತು?

ವಾಲ್ವ್ ಮುಚ್ಚಿ, ಟ್ಯಾಂಕ್ ಮುಕ್ಕಾಲು ನೀರು ತುಂಬಿಸಿ, ಎನ್‌ಜೈಮ್ ಹಾಕಿ ಒಂದು ರಾತ್ರಿ ನೆನೆಯೋಕೆ ಬಿಡಿ ಅಂದೆವು. ಮಾರನೇ ದಿನ ಗಾಡಿ ಓಡಿಸಿದರೆ ನೀರು ಕುಲುಕಿ ತಾನೇ ಸಡಿಲ ಆಗುತ್ತೆ. ಎರಡು ಸಲ ಹಾಗೆ ಮಾಡಿದರು. ಆಮೇಲೆ ಬಂದ ವಿಡಿಯೊ ಕಾಲ್‌ನಲ್ಲಿ ಕ್ಯಾನಿಯನ್ ಕಾಣಿಸಿತು, ಅಮ್ಮನ ಮೂಗೂ ಕಾಣಿಸಿತು.

ನಮ್ಮ ಊರಿನ ಗುಂಡಿ

ಇಷ್ಟಕ್ಕೇ ಮುಗಿದಿದ್ದರೆ ಇದನ್ನ ಬರೀತಿರಲಿಲ್ಲ. ದಸರಾ ರಜೆಯಲ್ಲಿ ನಮ್ಮಲ್ಲೇ ಇನ್ನೊಬ್ಬನ ಮನೆಯ ಸೆಪ್ಟಿಕ್ ಟ್ಯಾಂಕ್ ತುಂಬಿತು. ಪರಿಚಯದವರೊಬ್ಬರು, "ಲಾರಿ ಯಾಕೆ, ಇಬ್ಬರನ್ನ ಕಳಿಸ್ತೀನಿ, ಇಳಿದು ತೆಗೀತಾರೆ, ದುಡ್ಡೂ ಕಮ್ಮಿ" ಅಂದರಂತೆ. ಮನೆಯವರೂ ಹೂಂ ಅನ್ನೋದರಲ್ಲಿದ್ದರು. ಆಗ ಅವನಿಗೆ ನೆನಪಾಗಿದ್ದು ನಾವು ಓದಿದ ಹೈಡ್ರೋಜನ್ ಸಲ್ಫೈಡ್.

ಅದರ ಅಣುತೂಕ 34, ಗಾಳಿಯದು ಸರಾಸರಿ 29. ಗಾಳಿಗಿಂತ ಭಾರ, ಅದಕ್ಕೇ ಗುಂಡಿಯಲ್ಲಿ ಕೆಳಗೇ ನಿಲ್ಲುತ್ತೆ. ಸ್ವಲ್ಪ ಇದ್ದಾಗ ವಾಸನೆ ಬರುತ್ತೆ. ಸುಮಾರು 100 ಪಿಪಿಎಂ ದಾಟಿದರೆ ಮೂಗು ಸತ್ತು ಹೋಗುತ್ತೆ, ವಾಸನೆಯೇ ಗೊತ್ತಾಗೋದಿಲ್ಲ. "ಈಗ ವಾಸನೆ ಇಲ್ಲ, ಇಳಿಯಬಹುದು" ಅಂದುಕೊಂಡವರೇ ಹೋಗೋದು. ಇನ್ನೂ ಹೆಚ್ಚಿದ್ದರೆ ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪುತ್ತೆ. ಕಾಪಾಡೋಕೆ ಇಳಿದ ಎರಡನೆಯವರೂ ಮೇಲೆ ಬರೋದಿಲ್ಲ.

ರಕ್ಷಣೆ ಇಲ್ಲದೆ ಮನುಷ್ಯರನ್ನ ಹೀಗೆ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಇದರ ವಿರುದ್ಧ ದಶಕಗಳಿಂದ ಹೋರಾಡುತ್ತಿರುವ ಬೆಜವಾಡ ವಿಲ್ಸನ್ ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದವರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾವು ಅವರ ಹೆಸರು ಕೇಳಿದ್ದೇ ಈ ಲೇಖನಕ್ಕೆ ಓದುವಾಗ. ಅದಕ್ಕೆ ನಮಗೆ ನಾಚಿಕೆ ಇದೆ.

ಆರ್‌ವಿಯಲ್ಲಿ ಭಾವ ಟ್ಯಾಂಕ್ ಒಳಗೆ ಕೈ ಕೂಡ ಹಾಕಲಿಲ್ಲ. ಒಂದು ವಾಲ್ವ್, ಒಂದು ಹೋಸ್, ಬೇಕಾದಷ್ಟು ನೀರು, ಅಷ್ಟೇ. ನಮ್ಮ ಗುಂಡಿಗೂ ಪಂಪ್ ಇರೋ ಲಾರಿ ಸಿಗುತ್ತೆ. ಗೆಳೆಯ ಅಪ್ಪನನ್ನ ಕೂರಿಸಿಕೊಂಡು ಈ 34, 29ರ ಲೆಕ್ಕ ಹೇಳಿದ. ಮಾರನೇ ದಿನ ಲಾರಿ ಬಂತು. ದುಡ್ಡು ಜಾಸ್ತಿಯೇ ಆಯ್ತು. ಯಾರೂ ಇಳಿಯಲಿಲ್ಲ.

ನಿಮ್ಮ ಮನೆ ಗುಂಡಿ ತುಂಬಿದಾಗ ನೀವೂ ಈ ಲೆಕ್ಕ ಹೇಳಿ.