ತಲೆನೋವಿನ ಜಾಡು ಹಿಡಿದ ಬಗೆ

ಮಂಡ್ಯ ಸೀಮೆಯಲ್ಲಿ ತಲೆನೋವು ಬಂದರೆ ಮೊದಲ ಅನುಮಾನ ಪಿತ್ತದ ಮೇಲೆ, ಎರಡನೆಯದು ಕಣ್ಣಿನ ಮೇಲೆ. ಎರಡೂ ಅಲ್ಲವೆಂದಾದರೆ, ‘ಒಂದ್ಸಲ ಸ್ಕ್ಯಾನ್ ಮಾಡಿಸ್ಬುಡಿ ಸಾ’. ಸ್ಕ್ಯಾನ್ ಬರೆದುಕೊಡದ ಡಾಕ್ಟರನ್ನು ಜನ ಡಾಕ್ಟರೆಂದೇ ಒಪ್ಪುವುದಿಲ್ಲ! ತಲೆನೋವಿನ ಜಾಡು ಹಿಡಿಯುವ ವಿದ್ಯೆಯಲ್ಲಿ ಸ್ಕ್ಯಾನ್ ಈಚೆಗೆ ಬಂದದ್ದು; ಸಿ.ಟಿ. ಯಂತ್ರ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದದ್ದು 1971ರಲ್ಲಿ, ಲಂಡನ್ನಿನಲ್ಲಿ.

ಅದಕ್ಕೂ 120 ವರ್ಷ ಮುಂಚೆಯೇ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಭಾಗ ನೋಡುವ ಉಪಕರಣವನ್ನು ಬಳಕೆಗೆ ತಂದಿದ್ದ. ತಲೆಬುರುಡೆಯೊಳಗೆ ಒತ್ತಡ ಏರಿದರೆ ಕಣ್ಣಿನ ನರದ ತುದಿ ಊದಿಕೊಳ್ಳುತ್ತದೆ. ಅಂಗೈಯಲ್ಲಿ ಹಿಡಿಯುವ ಆ ಸಾಧನ ಅದನ್ನು ಇಂದಿಗೂ ತೋರಿಸುತ್ತದೆ.

ಬಹುಪಾಲು ತಲೆನೋವು ಕಣ್ಣಲ್ಲೂ ಕಾಣದು, ಸ್ಕ್ಯಾನಿನಲ್ಲೂ ಕಾಣದು. ಅಲ್ಲಿ ರೋಗಿಯ ಮಾತೇ ಆಧಾರ. ಆ ಮಾತನ್ನು ತೂಗುವುದಕ್ಕೆ ಅಂತಾರಾಷ್ಟ್ರೀಯ ತಲೆನೋವು ಸಂಘ 1988ರಲ್ಲಿ ಒಂದು ವರ್ಗೀಕರಣ ಹೊರಡಿಸಿತು. ನೋವು 4ರಿಂದ 72 ಗಂಟೆ ಇರುತ್ತದೆಯೆ? ಒಂದೇ ಪಕ್ಕ ಪಟಪಟ ಬಡಿಯುತ್ತದೆಯೆ? ಓಡಾಡಿದರೆ ಹೆಚ್ಚುತ್ತದೆಯೆ? ವಾಕರಿಕೆ ಬರುತ್ತದೆಯೆ, ಬೆಳಕು, ಸದ್ದು ಸೇರದೆ ಕತ್ತಲ ಕೋಣೆ ಬೇಕೆನಿಸುತ್ತದೆಯೆ? ಇಂಥವು ಕೂಡಿಬಂದರೆ ಮೈಗ್ರೇನ್, ಅಂದರೆ ಅರೆತಲೆನೋವು.

‘ತಲೆಗೆ ನೀರು ಹಾಕ್ಕಂಡ ದಿನ ಬಂದೇ ಬತ್ತದೆ’ ಎಂದು ನಮ್ಮ ಹೆಂಗಸರು ಹೇಳಿದರೆ ನಕ್ಕುಬಿಡುವ ಕಾಲವಿತ್ತು. ಮುಂಬೈನ ಡಾ. ಕೆ. ರವಿಶಂಕರ್ ನಗಲಿಲ್ಲ. ತಲೆಸ್ನಾನದಿಂದ ಮೈಗ್ರೇನ್ ಕೆರಳುತ್ತಿದ್ದ 94 ಭಾರತೀಯ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದರು. ಮುಂದೆ ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳ 2,329 ಜನರ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ವರ್ಷದೊಳಗೆ ಮೈಗ್ರೇನ್ ಬಂದವರು ನಾಲ್ವರಲ್ಲಿ ಒಬ್ಬರು. ತಲೆನೋವಿನ ಕಾಟ ಪೇಟೆಗಿಂತ ಹಳ್ಳಿಯಲ್ಲೇ ಜಾಸ್ತಿ. ‘ಟೆನ್ಷನ್ ಎಲ್ಲ ಸಿಟಿಯವರಿಗೆ’ ಎನ್ನುವ ಮಾತನ್ನು ಇನ್ನಾದರೂ ಬಿಡಬೇಕು. ನಿಮ್ಹಾನ್ಸ್ ವೈದ್ಯರು ಮದ್ದೂರು, ಕನಕಪುರ, ಮಧುಗಿರಿಯಂಥ ತಾಲ್ಲೂಕುಗಳಲ್ಲಿ ಶಿಬಿರ ನಡೆಸುತ್ತ ಬಂದದ್ದು ಈ ಕಾರಣಕ್ಕೂ ದೊಡ್ಡ ಕೆಲಸ.

ವೈದ್ಯರು ತಪ್ಪದೆ ಕೇಳುವ, ರೋಗಿ ತಪ್ಪಿಸಿಕೊಳ್ಳುವ ಪ್ರಶ್ನೆ ಇನ್ನೊಂದಿದೆ: ಮೆಡಿಕಲ್ ಸ್ಟೋರಿನ ಮಾತ್ರೆ ತಿಂಗಳಿಗೆ ಎಷ್ಟು? ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನದಂತೆ ಮೂರು ತಿಂಗಳ ಮೇಲೂ ನುಂಗಿದರೆ ಆ ಮಾತ್ರೆಯೇ ತಲೆನೋವು ತರಬಲ್ಲದು. ನೋವು ಬಂದ ದಿನ, ನುಂಗಿದ ಮಾತ್ರೆ ಎರಡನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದನ್ನೇ ವೈದ್ಯರಿಗೆ ತೋರಿಸಿ.

ಹಿಂದೆಂದೂ ಇಲ್ಲದಂಥ ನೋವು ಸಿಡಿಲಿನಂತೆ ಎರಗಿದರೆ, ಜ್ವರದ ಜೊತೆ ಕತ್ತು ಬಿಗಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಕ್ಯಾಲೆಂಡರ್ ಬೇಡ, ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೊರಡಿ. 50 ದಾಟಿದ ಮೇಲೆ ಮೊದಲ ಸಲ ಶುರುವಾದ ತಲೆನೋವನ್ನೂ ತಡಮಾಡದೆ ತೋರಿಸಿ.