ಆಟದಲ್ಲೇ ಕಲಿಯಲಿ ತೀರ್ಥಂಕರರ ಲಾಂಛನ

ಬಸದಿಗೆ ಬರುವ ಮಕ್ಕಳ ಕಣ್ಣಿಗೆ ಜಿನಬಿಂಬಗಳೆಲ್ಲ ಒಂದೇ ರೀತಿ ಕಾಣುತ್ತವೆ. ಮೂರ್ತಿ ಯಾವ ತೀರ್ಥಂಕರರದು ಎಂದು ಗುರುತಿಸಲು ನೆರವಾಗುವುದು ಪೀಠದಲ್ಲಿರುವ ಲಾಂಛನ. 24 ಲಾಂಛನಗಳನ್ನು ಬಾಯಿಪಾಠ ಮಾಡಿಸಿದರೆ ಮಕ್ಕಳು ಬೇಗ ಮರೆಯುತ್ತಾರೆ. ಆಟವಾಡಿ ಕಲಿತದ್ದು ಉಳಿಯುತ್ತದೆ.

ದಪ್ಪ ಬಿಳಿ ಹಾಳೆಯಲ್ಲಿ ಒಂದೇ ಅಳತೆಯ 48 ಚೀಟಿ ಕತ್ತರಿಸಿ. 24ರಲ್ಲಿ ತೀರ್ಥಂಕರರ ಹೆಸರು ಬರೆಯಿಸಿ, ಉಳಿದ 24ರಲ್ಲಿ ಲಾಂಛನದ ಚಿತ್ರವನ್ನು ಮಕ್ಕಳಿಂದಲೇ ಬಿಡಿಸಿ. ಚೀಟಿಗಳು ಕಾಲಿಗೆ ತಾಗದಂತೆ ಮಣೆಯ ಮೇಲೆ ಮಗುಚಿ ಹರಡಿ. ಒಬ್ಬರು ಒಂದು ಸರದಿಗೆ ಎರಡು ಚೀಟಿ ತೆರೆಯಬೇಕು. ಹೆಸರಿಗೂ ಲಾಂಛನಕ್ಕೂ ಹೊಂದಿದರೆ ಜೋಡಿ ಅವರದು, ಇಲ್ಲದಿದ್ದರೆ ಮತ್ತೆ ಮಗುಚಿಡಬೇಕು.

ಚಿಕ್ಕವರಿಗೆ ಆರು ಜೋಡಿ ಸಾಕು: ಆದಿನಾಥರಿಗೆ ವೃಷಭ, ಅಜಿತನಾಥರಿಗೆ ಆನೆ, ಚಂದ್ರಪ್ರಭರಿಗೆ ಚಂದ್ರ, ಶಾಂತಿನಾಥರಿಗೆ ಜಿಂಕೆ, ನೇಮಿನಾಥರಿಗೆ ಶಂಖ, ಮಹಾವೀರರಿಗೆ ಸಿಂಹ.

ದೊಡ್ಡ ಮಕ್ಕಳಿಗೆ ಪ್ರಶ್ನೆ ಸೇರಿಸಬಹುದು. ಸುಪಾರ್ಶ್ವನಾಥ, ಪಾರ್ಶ್ವನಾಥ ಇಬ್ಬರ ತಲೆಯ ಮೇಲೂ ಹೆಡೆಗಳಿದ್ದರೆ ಗುರುತಿಸುವುದು ಹೇಗೆ? ಮೊದಲನೆಯವರ ಲಾಂಛನ ಸ್ವಸ್ತಿಕ, ಎರಡನೆಯವರದು ಸರ್ಪ. ಬಾಹುಬಲಿಗೆ ಚೀಟಿ ಏಕಿಲ್ಲ? ಅವರು ಮೋಕ್ಷ ಪಡೆದವರು, ಆದರೆ ತೀರ್ಥಂಕರರಲ್ಲ.

1586ರಲ್ಲಿ ಕಟ್ಟಿದ ಕಾರ್ಕಳದ ಚತುರ್ಮುಖ ಬಸದಿಯಲ್ಲಿ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಬಿಂಬಗಳಿವೆ. ದಿಗಂಬರ ಪರಂಪರೆಯಂತೆ ಇವರ ಲಾಂಛನ ಮೀನು, ಕಲಶ, ಆಮೆ. ಅಲ್ಲಿಗೆ ಹೊರಡುವ ಮುನ್ನ ಈ ಮೂರು ಜೋಡಿ ಆಡಿಸಿ.

ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆಗಳಲ್ಲಿ ಸಂಜೆ ಅರ್ಧ ಗಂಟೆ ಸಿಗುತ್ತದೆ. ಆ ಹೊತ್ತು ಮೊಬೈಲ್ ಬದಿಗಿಟ್ಟು, ಅಜ್ಜ ಅಜ್ಜಿಯರೂ ಮಣೆಯ ಸುತ್ತ ಕೂರಲಿ. ಮುಂದಿನ ಸಲ ಬಸದಿಯಲ್ಲಿ ಮಕ್ಕಳೇ ಪೀಠ ನೋಡಿ ತೀರ್ಥಂಕರರ ಹೆಸರು ಹೇಳುತ್ತಾರೆ.